ಶಾಸ್, ಸಬ್ಖಾ ಮತ್ತು ಗಾಡಿಯ ಬೆನ್ನೆಲುಬು

ಗಲ್ಫಿಗೆ ಬಂದ ಹೊಸದರಲ್ಲಿ ನಮ್ಮ ಕಿವಿಗೆ ಬಿದ್ದ ಅರಬ್ಬಿ ಪದಗಳಲ್ಲಿ ‘ಶಾಸ್’ ಒಂದು. ಒಂಟೆಗೆ ಮೇವು, ನೀರಿನ ಟ್ಯಾಂಕು, ಆಡು, ಕುರಿ ಎಲ್ಲವನ್ನೂ ಹೊತ್ತು ಮರಳುಗಾಡಿನಲ್ಲಿ ಓಡುವ ಟೊಯೊಟಾ ಲ್ಯಾಂಡ್ ಕ್ರೂಸರ್ ಪಿಕಪ್‌ಗೆ ಇಲ್ಲಿಯವರು ಇಟ್ಟ ಹೆಸರು ಅದು. ಬಹಳ ಕಾಲ ಅದು ಯಾವುದೋ ಹಳೆಯ ಬೆದುವಿನ್ ಪದವಿರಬೇಕು ಎಂದೇ ನಾವು ತಿಳಿದಿದ್ದೆವು. ಆಮೇಲೆ ಗೊತ್ತಾಯಿತು, ಅದು ನಮ್ಮ ಊರಿನ ಗ್ಯಾರೇಜಿನವರು ‘ಚಾಸಿ’ ಎನ್ನುವ ಪದವೇ, ಅರಬ್ಬಿ ನಾಲಿಗೆಯ ಮೇಲೆ ಸ್ವಲ್ಪ ಬಾಗಿದೆ ಅಷ್ಟೆ. ಗಾಡಿಯ ಬಣ್ಣ, ಸೀಟು, ಸ್ಟೀರಿಂಗ್ ಯಾವುದನ್ನೂ ನೋಡದೆ ಅಡಿಯಲ್ಲಿರುವ ಕಬ್ಬಿಣದ ಚೌಕಟ್ಟಿನ ಹೆಸರಿನಿಂದಲೇ ಗಾಡಿಯನ್ನು ಕರೆದ ಜನರಿಗೆ, ಗಾಡಿಯಲ್ಲಿ ಮುಖ್ಯವಾದದ್ದು ಯಾವುದೆಂದು ಚೆನ್ನಾಗಿ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ. ಅದನ್ನು ಕಲಿಯಲು ನಾವು 2,000 ದಿರ್ಹಮ್ ಕಳೆದುಕೊಳ್ಳಬೇಕಾಯಿತು. ಆ ಕಥೆ ಮುಂದೆ ಬರುತ್ತದೆ. ಅದಕ್ಕೆ ಮೊದಲು ಈ ಗಾಡಿಗಳು ಈ ಮರಳಿಗೆ ಹೇಗೆ ಬಂದವು ಎಂಬುದನ್ನು ಸ್ವಲ್ಪ ನೋಡೋಣ.

ಬ್ರಿಟಿಷ್ ಪ್ರವಾಸಿ ವಿಲ್ಫ್ರೆಡ್ ಥೆಸಿಗರ್ 1946 ಮತ್ತು 1948ರ ನಡುವೆ ಎರಡು ಬಾರಿ ರುಬ್ ಅಲ್ ಖಾಲಿ ಮರುಭೂಮಿಯನ್ನು ಒಂಟೆಯ ಮೇಲೆ ದಾಟಿದರು. ಮೋಟಾರು ಗಾಡಿ ಕಂಡರೆ ಆತನಿಗೆ ಆಗುತ್ತಿರಲಿಲ್ಲ. ಮೋಟಾರು ಬಂದರೆ ಬೆದುವಿನ್ ಬದುಕು ಮುಗಿಯಿತು ಎಂಬುದು ಆತನ ಕೊರಗು. ಆದರೆ ಆತನ ಒಂಟೆಯ ಹೆಜ್ಜೆಗುರುತು ಅಳಿಸುವ ಮುನ್ನವೇ ಗಾಡಿ ಬಂದಿತ್ತು. 1955ರ ಡಿಸೆಂಬರಿನಲ್ಲಿ ಒಮಾನಿನ ಸುಲ್ತಾನ್ ಸೈದ್ ಬಿನ್ ತೈಮೂರ್ ದಕ್ಷಿಣದ ಸಲಾಲಾದಿಂದ ಉತ್ತರದ ನಿಜ್ವಾದವರೆಗೆ ಮರುಭೂಮಿಯ ಮೂಲಕ ಅಮೆರಿಕದ ಟ್ರಕ್ಕುಗಳ ಸಾಲಿನಲ್ಲಿ ಹೋದರು. ಜೊತೆಗಿದ್ದ ಪತ್ರಕರ್ತ ಜೇಮ್ಸ್ ಮೋರಿಸ್ ಆ ಪಯಣದ ಮೇಲೆ ಒಂದು ಪುಸ್ತಕವನ್ನೇ ಬರೆದರು. ಒಂಟೆಗೆ ವಾರಗಳು ಹಿಡಿಯುತ್ತಿದ್ದ ದಾರಿಯನ್ನು ಗಾಡಿಗಳು ಕೆಲವೇ ದಿನಗಳಲ್ಲಿ ಮುಗಿಸಿದವು. ರಸ್ತೆ ಮಾತ್ರ ಇರಲಿಲ್ಲ. 1970ರಲ್ಲಿ ಸುಲ್ತಾನ್ ಕಾಬೂಸ್ ಅಧಿಕಾರಕ್ಕೆ ಬಂದಾಗಲೂ ಇಡೀ ಒಮಾನಿನಲ್ಲಿ ಡಾಂಬರು ಕಂಡ ರಸ್ತೆ ಹತ್ತು ಕಿಲೋಮೀಟರಿನಷ್ಟೇ ಇತ್ತು ಎನ್ನುತ್ತಾರೆ. ಇಂದು ಮಸ್ಕತ್‌ನಿಂದ ಸಲಾಲಾಕ್ಕೆ ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಹೋಗುವ ನಮ್ಮವರಿಗೆ ಇದನ್ನು ಊಹಿಸುವುದೇ ಕಷ್ಟ.

ಆ ಕಾಲದಲ್ಲಿ ಇಲ್ಲಿಯ ರಾಜ ಎಂದರೆ ಲ್ಯಾಂಡ್ ರೋವರ್. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪನ್ನು ತನ್ನ ತೋಟದಲ್ಲಿ ಓಡಿಸುತ್ತಿದ್ದ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ಎಂಬ ಇಂಜಿನಿಯರಿಗೆ ಅಂಥದ್ದೇ ಒಂದು ಗಾಡಿ ನಾವೇ ಯಾಕೆ ಮಾಡಬಾರದು ಎನ್ನಿಸಿತು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ವಾಹನ ಪ್ರದರ್ಶನದಲ್ಲಿ ಅದು ಬೆಳಕು ಕಂಡಿತು. ಯುದ್ಧ ಮುಗಿದ ಬ್ರಿಟನ್ನಿನಲ್ಲಿ ಉಕ್ಕಿಗೆ ಪಡಿತರ. ಹಾಗಾಗಿ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿದರು, ಚಾಸಿಯನ್ನು ಮಾತ್ರ ಉಕ್ಕಿನ ಪಟ್ಟಿಗಳನ್ನು ಪೆಟ್ಟಿಗೆಯಾಕಾರದಲ್ಲಿ ಜೋಡಿಸಿ ವೆಲ್ಡ್ ಮಾಡಿ ಕಟ್ಟಿದರು. ಮಾರಾಟಕ್ಕೆ ಮುನ್ನ ಪರೀಕ್ಷೆಗೆಂದು ತಯಾರಿಸಿದ ಮೊದಲ ಕೆಲವು ಗಾಡಿಗಳ ಚಾಸಿಗೆ ಸತುವಿನ ಲೇಪವಿತ್ತು. ಮಾರಾಟದ ಗಾಡಿಗಳಿಗೆ ಬರುವಾಗ ಆ ಲೇಪ ಹೋಗಿ ಬರೀ ಬಣ್ಣ ಉಳಿಯಿತು. ಖರ್ಚು ಉಳಿಸಿದ್ದು ಅಲ್ಲಿ, ಬೆಲೆ ತೆತ್ತದ್ದು ಮುಂದಿನ ಐವತ್ತು ವರ್ಷ ಗಾಡಿ ಓಡಿಸಿದವರು. ಮೈ ತುಕ್ಕು ಹಿಡಿಯದೆ ಮದುಮಗನಂತೆ ಹೊಳೆಯುತ್ತಿರುತ್ತದೆ, ಅಡಿಯ ಎಲುಬು ಒಳಗೇ ಕರಗುತ್ತಿರುತ್ತದೆ. ಅಲ್ಯೂಮಿನಿಯಮ್ಮೂ ಉಕ್ಕೂ ಒಂದಕ್ಕೊಂದು ತಾಗಿ ನಡುವೆ ಉಪ್ಪು ನೀರು ಸೇರಿದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ತಯಾರಾಗುತ್ತದೆ. ಅದರಲ್ಲಿ ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ಉಕ್ಕನ್ನು ತಿನ್ನಲು ಉಪ್ಪು ಒಂದೇ ಸಾಕು.

ಈ ಉಪ್ಪಿನ ವಿಷಯಕ್ಕೆ ಬರೋಣ, ಏಕೆಂದರೆ ಇಡೀ ಕಥೆಯ ಖಳನಾಯಕ ಅದೇ. ಮರುಭೂಮಿ ಒಣ ಪ್ರದೇಶ, ಅಲ್ಲಿ ಗಾಡಿಗೆ ತುಕ್ಕು ಹಿಡಿಯುವುದಿಲ್ಲ ಎಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಒಳನಾಡಿಗೆ ಆ ಮಾತು ನಿಜ. ಆದರೆ ಗಲ್ಫಿನ ಊರುಗಳು ಎದ್ದಿದ್ದು ಕಡಲಂಚಿನಲ್ಲಿ. ಆ ಅಂಚಿಗೆ ತಾಗಿ ಉದ್ದಕ್ಕೂ ‘ಸಬ್ಖಾ’ ಇದೆ. ಸಬ್ಖಾ ಎಂದರೆ ಉಪ್ಪಿನ ಬಯಲು, ಮೇಲೆ ಹಪ್ಪಳದಂತೆ ಒಣಗಿದ ಪದರ, ಕೆಳಗೆ ಉಪ್ಪು ನೀರಿನ ಕೆಸರು. ಅಬುಧಾಬಿಯ ಪಶ್ಚಿಮದ ಸಬ್ಖತ್ ಮತ್ತಿ ಇವುಗಳಲ್ಲಿ ದೊಡ್ಡದು. ಜಗತ್ತಿನ ಭೂವಿಜ್ಞಾನಿಗಳೆಲ್ಲ ಇಂಥ ಬಯಲಿಗೆ ಈ ಅರಬ್ಬಿ ಪದವನ್ನೇ ಬಳಸುತ್ತಾರೆ. ದುಬೈ–ಅಬುಧಾಬಿ ಹೆದ್ದಾರಿ ಆಗುವ ಮೊದಲು ಗಾಡಿಗಳು ಕಡಲ ದಂಡೆಯ ಗಟ್ಟಿ ಮರಳಿನ ಮೇಲೆ, ಸಬ್ಖಾದ ಮೇಲೆ ಓಡುತ್ತಿದ್ದವು. ಅಬುಧಾಬಿ ದ್ವೀಪ. 1968ರಲ್ಲಿ ಮಕ್ತಾ ಸೇತುವೆ ಬರುವ ತನಕ ಕಡಲ ಇಳಿತವನ್ನು ನೋಡಿಕೊಂಡೇ ಅತ್ತಿತ್ತ ದಾಟಬೇಕಿತ್ತು. ಇಳಿತ ತಪ್ಪಿದರೆ ಉಪ್ಪು ನೀರು ಚಕ್ರದ ಅಚ್ಚಿನವರೆಗೆ. ಅಂದಿನ ಗಾಡಿಗಳ ಚಾಸಿಗೆ ಅದು ನಿತ್ಯದ ಸ್ನಾನ.

ಔಷಧದ ಕಪಾಟಿನ ಮುಂದೆ ಇಪ್ಪತ್ತು ವರ್ಷ ನಿಂತ ನಮಗೆ ತುಕ್ಕು ಹೊಸ ಪರಿಚಯವೇನಲ್ಲ. ರಕ್ತಹೀನತೆಗೆ ಕೊಡುವ ಫೆರಸ್ ಸಲ್ಫೇಟನ್ನು ಮುಚ್ಚಳ ತೆರೆದು ತೇವದ ಗಾಳಿಗೆ ಬಿಟ್ಟರೆ ತಿಳಿ ಹಸಿರು ಹೋಗಿ ಕಂದು ಹಳದಿ ಬಣ್ಣ ಬರುತ್ತದೆ. ಚಾಸಿಯಲ್ಲಿ ಆಗುವುದೂ ಅದೇ ಜಾತಿಯ ಕೆಲಸ: ಕಬ್ಬಿಣ, ಆಮ್ಲಜನಕ, ನೀರು. ಉಪ್ಪು ಆ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವಂತೆ ಮಾಡಿ ಕೆಲಸವನ್ನು ಹಲವು ಪಟ್ಟು ಚುರುಕುಗೊಳಿಸುತ್ತದೆ. ಇನ್ನೊಂದು ಸಂಗತಿ ಗಮನಿಸಬೇಕು. ಅಡುಗೆಯ ಉಪ್ಪು ಗಾಳಿಯ ತೇವಾಂಶ ಶೇಕಡಾ 75ರ ಹತ್ತಿರ ಬಂದಾಗ ಮಾತ್ರ ನೀರೊಡೆಯುತ್ತದೆ. ಸಬ್ಖಾದ ಕೆಸರಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ, ಅದು ಶೇಕಡಾ 33ರ ತೇವಾಂಶದಲ್ಲೇ ಗಾಳಿಯಿಂದ ನೀರು ಹೀರಿಕೊಂಡು ಒದ್ದೆಯಾಗುತ್ತದೆ. ಎಂದರೆ ಹೊರಗೆ ಒಣ ಬಿಸಿಲು ಕಾಯುತ್ತಿದ್ದರೂ ಚಾಸಿಯ ಒಳಗೆ ಸಿಕ್ಕಿಬಿದ್ದ ಕೆಸರು ಒಣಗುವುದೇ ಇಲ್ಲ. ಬೇಸಿಗೆಯ ರಾತ್ರಿ ಕಾರಿನ ಗಾಜಿನ ಮೇಲೆ ಇಳಿಯುವ ಬೆವರು ನೋಡಿದ್ದೀರಲ್ಲ, ಅಷ್ಟೇ ಬೆವರು ಚಾಸಿಯ ಒಳಗೂ ಇಳಿಯುತ್ತದೆ.

ಜಪಾನಿನ ಗಾಡಿಗಳ ಕಥೆ ಹೀಗೆ. ಕೊರಿಯಾ ಯುದ್ಧದ ಹೊತ್ತಿನಲ್ಲಿ, 1951ರಲ್ಲಿ, ಟೊಯೊಟಾ ತನ್ನ ಟ್ರಕ್ಕಿನ ದೊಡ್ಡ ಆರು ಸಿಲಿಂಡರ್ ಇಂಜಿನ್ನನ್ನು ಜೀಪಿನಂಥ ಮೈಗೆ ಕೂರಿಸಿ ‘ಬಿಜೆ’ ಎಂಬ ಗಾಡಿ ಮಾಡಿತು. ಅದೇ ವರ್ಷ ಅದು ಫುಜಿ ಪರ್ವತದ ಆರನೇ ಹಂತದವರೆಗೆ ಏರಿ ಹೆಸರು ಮಾಡಿತು. ಜೀಪ್ ಎಂಬ ಹೆಸರಿಗೆ ಅಮೆರಿಕದವರ ತಕರಾರು ಬಂದ ಮೇಲೆ 1954ರಲ್ಲಿ ‘ಲ್ಯಾಂಡ್ ಕ್ರೂಸರ್’ ಎಂಬ ಹೆಸರಿಟ್ಟರು. ಬ್ರಿಟಿಷರ ರೋವರಿಗೆ ತಾನೇನು ಕಡಿಮೆ ಎಂಬ ಹಟ ಆ ಹೆಸರಿನಲ್ಲೇ ಕೇಳಿಸುತ್ತದೆ. 1955ರಲ್ಲಿ ಸೌದಿಯಲ್ಲಿ ಅಬ್ದುಲ್ ಲತೀಫ್ ಜಮೀಲ್, ದುಬೈಯಲ್ಲಿ ಅಲ್ ಫುತ್ತೈಮ್ ಟೊಯೊಟಾ ಮಾರಾಟಕ್ಕೆ ಕೈ ಹಾಕಿದರು. 1960ರಲ್ಲಿ ಬಂದ 40 ಸರಣಿಯ ಗಾಡಿ 1984ರವರೆಗೆ, ಇಪ್ಪತ್ತನಾಲ್ಕು ವರ್ಷ, ಹೆಚ್ಚೇನೂ ಮುಖ ಬದಲಿಸದೆ ತಯಾರಾಯಿತು. ಇವತ್ತಿನ ‘ಶಾಸ್’ 1984ರಲ್ಲಿ ಶುರುವಾದ 70 ಸರಣಿಯ ಕುಲದ್ದು.

ನಿಸಾನಿನ ಪೆಟ್ರೋಲ್ ಕೂಡ 1951ರ ಕೂಸೇ. (ಕುಡಿಯುವ ಪೆಟ್ರೋಲಿಗೂ ಈ ಹೆಸರಿಗೂ ಸಂಬಂಧವಿಲ್ಲ, ಗಸ್ತು ತಿರುಗುವ ಪೆಟ್ರೋಲ್ ಇದು.) ಇದರಲ್ಲಿ ನಮ್ಮ ನೆಂಟಸ್ತನವೂ ಒಂದಿದೆ. 1960ರ ಪೆಟ್ರೋಲನ್ನು ನಮ್ಮ ದೇಶದಲ್ಲಿ ಜಬಲ್ಪುರದ ಸೇನಾ ವಾಹನ ಕಾರ್ಖಾನೆ ಪರವಾನಗಿ ಪಡೆದು 1969ರಿಂದ 1999ರವರೆಗೆ ‘ಜೋಂಗಾ’ ಎಂಬ ಹೆಸರಿನಲ್ಲಿ ಕಟ್ಟಿತು. ಕೊಡಗಿನ ಕಡೆಯವರಿಗೆ ಜೋಂಗಾದ ಪರಿಚಯ ಬೇಕಿಲ್ಲ. ಸೇನೆ ಹರಾಜಿಗೆ ಹಾಕಿದ ಜೋಂಗಾ ಎಷ್ಟೋ ಕಾಫಿ ತೋಟಗಳಲ್ಲಿ ಗೊಬ್ಬರದ ಮೂಟೆ ಹೊತ್ತಿದೆ. ಮಲೆನಾಡಿನ ಮಹೀಂದ್ರಾ ಜೀಪು ವಿಲ್ಲಿಸ್ ಜೀಪಿನ ಮಗ, ತೋಟದ ಜೋಂಗಾ ಪೆಟ್ರೋಲಿನ ತಮ್ಮ. ದುಬೈಯಲ್ಲಿ ಹಳೆಯ ಪೆಟ್ರೋಲ್ ಕಂಡು ಮಡಿಕೇರಿಯ ಗೆಳೆಯರು ನಿಂತು ನೋಡುವುದು ಈ ಕಾರಣಕ್ಕೆ.

ಚಾಸಿಯಷ್ಟೇ ಮಹತ್ವದ್ದು ಗೇರ್‌ಬಾಕ್ಸು. ಹಳೆಯ ಲ್ಯಾಂಡ್ ರೋವರ್‌ಗಳಲ್ಲಿ ನಾಲ್ಕು ಗೇರಿದ್ದರೂ ಸಿಂಕ್ರೊ ಇದ್ದದ್ದು ಮೂರು ಮತ್ತು ನಾಲ್ಕಕ್ಕೆ ಮಾತ್ರ. ನಾಲ್ಕಕ್ಕೂ ಸಿಂಕ್ರೊ ಬಂದದ್ದು 1971ರಲ್ಲಿ. ಮರಳಿನ ಏರಿನಲ್ಲಿ ಮೂರರಿಂದ ಎರಡಕ್ಕೆ ಇಳಿಸಲು ಡಬಲ್ ಕ್ಲಚ್ ಒತ್ತಿ, ಆಕ್ಸಿಲರೇಟರ್ ಒಂದು ಸಲ ಕೊಟ್ಟು, ಕೈಯನ್ನೂ ಕಾಲನ್ನೂ ಹೊಂದಿಸುವಷ್ಟರಲ್ಲಿ ಗಾಡಿ ನಿಂತು ಹೂತುಹೋಗುತ್ತಿತ್ತು. ಮರಳಿನಲ್ಲಿ ವೇಗ ಒಂದು ಕ್ಷಣ ಕಡಿದರೂ ಕೆಲಸ ಕೆಟ್ಟಿತು. ಟೊಯೊಟಾದ ಮೊದಲ ಗಾಡಿಗಳಿಗೆ ಲೋ ರೇಂಜ್ ಇರಲೇ ಇಲ್ಲ, ಇಂಜಿನ್ನಿನ ಎಳೆತವನ್ನೇ ನಂಬಿದ್ದರು. 40 ಸರಣಿಯಲ್ಲಿ ಮೂರು ಗೇರು, ಜೊತೆಗೆ ಲೋ ರೇಂಜ್ ಬಂತು. 1974ರಲ್ಲಿ ನಾಲ್ಕನೇ ಗೇರು. ಮೂರೇ ಗೇರಿನ ದೊಡ್ಡ ಇಂಜಿನ್ ಮರಳಿಗೆ ಹೇಳಿ ಮಾಡಿಸಿದಂತಿತ್ತು: ಎರಡನೇ ಗೇರಿಗೆ ಹಾಕಿ ಒತ್ತಿದರೆ ದಿಬ್ಬದ ತುದಿಯವರೆಗೆ ಮತ್ತೆ ಗೇರಿನ ಸುದ್ದಿಯಿಲ್ಲ.

ಆಟೋಮ್ಯಾಟಿಕ್ ಬಂದ ಮೇಲೆ ಈ ಲೆಕ್ಕವೇ ಬದಲಾಯಿತು. ಗೇರು ಬದಲಾಗುವಾಗಲೂ ಚಕ್ರಕ್ಕೆ ಬಲ ತಪ್ಪುವುದಿಲ್ಲವಾದ್ದರಿಂದ ಮರಳಿಗೆ ಅದು ವರವೇ. ಆದರೆ ಟಾರ್ಕ್ ಕನ್ವರ್ಟರಿನಲ್ಲಿ ಎಣ್ಣೆ ಮಥಿಸಿ ಮಥಿಸಿ ಕಾಯುತ್ತದೆ. 48 ಡಿಗ್ರಿಯ ಬಿಸಿಲಿನಲ್ಲಿ, ಮೆತ್ತನೆಯ ಮರಳಿನಲ್ಲಿ, ನಿಧಾನ ವೇಗದಲ್ಲಿ ಅದು ಕಾಯುವ ಬಗೆ ಬೇರೆಯೇ. 1990ರ 80 ಸರಣಿಯ ಲ್ಯಾಂಡ್ ಕ್ರೂಸರ್‌ನಲ್ಲಿ ಇದಕ್ಕೆಂದೇ ಎಚ್ಚರಿಕೆಯ ದೀಪವಿತ್ತು. ಒಂದೇ ಸರಣಿಯೊಳಗೆ ನಾಲ್ಕು ಗೇರಿನ ಬೇರೆ ಬೇರೆ ಆಟೋಮ್ಯಾಟಿಕ್‌ಗಳು ಬಂದವು: ಎ442ಎಫ್ ಎಂಬುದು ದಪ್ಪ ಮೈಯದು, ಎ343ಎಫ್ ಹಗುರದ್ದು. ಹೊರಗಿನಿಂದ ಗಾಡಿ ಒಂದೇ, ಒಳಗೆ ಹೊಟ್ಟೆ ಬೇರೆ. ಕೊಳ್ಳುವವರು ಕೇಳಬೇಕಾದದ್ದು ಇದನ್ನೇ. ಅದರ ಮೇಲೆ ಶಾರ್ಜಾದ ಹಳೆ ಬಿಡಿಭಾಗಗಳ ಮಾರುಕಟ್ಟೆ ಇದೆ. ಜಪಾನಿನಿಂದ ಅರ್ಧಕ್ಕೆ ಕತ್ತರಿಸಿ ಬಂದ ಹಾಫ್‌ಕಟ್ ಗಾಡಿಗಳಿಂದ ಇಂಜಿನ್ ಒಂದು ಕಡೆಯದು, ಗೇರ್‌ಬಾಕ್ಸ್ ಇನ್ನೊಂದು ಕಡೆಯದು ಸೇರಿ ಎಷ್ಟೋ ಗಾಡಿಗಳು ಓಡುತ್ತಿವೆ. ಸರಿಯಾಗಿ ಹೊಂದಿಸಿದ್ದರೆ ತಪ್ಪೇನಿಲ್ಲ. ಮುಲ್ಕಿಯಾದಲ್ಲಿ ಬರೆದದ್ದಕ್ಕೂ ಬಾನೆಟ್ಟಿನ ಕೆಳಗಿರುವುದಕ್ಕೂ ತಾಳೆಯಾಗದಿದ್ದರೆ ಮಾತ್ರ ಪಾಸಿಂಗ್ ದಿನ ತಲೆನೋವು.

ಈಗ ನಮ್ಮ ಕಥೆ. ನಾವು ನಾಲ್ವರು ಕನ್ನಡದ ಗೆಳೆಯರು ಸೇರಿ, ರಜೆಯ ದಿನ ಮಕ್ಕಳನ್ನು ವಾದಿಗಳಿಗೆ, ಮರಳಿಗೆ ಕರೆದೊಯ್ಯಲು ಒಂದು ಹಳೆಯ ಗಾಡಿ ಕೊಳ್ಳೋಣ ಎಂದು ನಿರ್ಧರಿಸಿದೆವು. ಒಬ್ಬರಂತೂ ಊರಿನ ಮನೆಯ ಮೇಲ್ಛಾವಣಿ ಸ್ಲ್ಯಾಬಿಗೆಂದು ಕೂಡಿಟ್ಟ ಹಣದಿಂದ ತಮ್ಮ ಪಾಲು ತೆಗೆದಿದ್ದರು. 1994ರ 80 ಸರಣಿಯ ಬಿಳಿ ಲ್ಯಾಂಡ್ ಕ್ರೂಸರ್, ಹೊಸ ಟೈರು, ಒಳಗೆ ಊದುಬತ್ತಿಯ ಪರಿಮಳ. ಮಾರುವವ ತುಂಬ ಮಾತುಗಾರ. 2,000 ದಿರ್ಹಮ್ ಮುಂಗಡ ಕೊಟ್ಟೆವು. ಆಮೇಲೆ ಬುದ್ಧಿ ಬಂದು ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಕೊಂಡೊಯ್ದೆವು. ಅವರು ಬೈಂದೂರು ಕಡೆಯವರು, 1986ರಿಂದ ಇಲ್ಲಿಯ ಸನಾಯಿಯಾದಲ್ಲಿ ಗಾಡಿಗಳ ಅಡಿಯಲ್ಲೇ ಮಲಗಿ ಬದುಕಿದವರು. ಲಿಫ್ಟಿನ ಮೇಲೆ ಗಾಡಿ ಏರಿಸಿದರು. ಅಡಿಯ ಚಾಸಿ ಕಪ್ಪಗೆ, ಮಿರಮಿರ ಮಿಂಚುತ್ತಿತ್ತು. ‘ಎಷ್ಟು ಚೆನ್ನಾಗಿದೆ ನೋಡಿ ಅಣ್ಣ’ ಎಂದೆವು ನಾವು.

‘ಇದು ಪೈಂಟ್ ಮಾರಾಯ್ರೆ. ಕಬ್ಬಿಣ ಎಲ್ಲುಂಟು ಅಂತ ಈಗ ನೋಡುವ’ ಎಂದರು ಅವರು.

ಮೂವತ್ತು ವರ್ಷದ ಗಾಡಿಯ ಅಡಿ ಧೂಳು ಹಿಡಿದು ಮಂಕಾಗಿರುವುದೇ ಸಹಜ. ನಿನ್ನೆ ಹಚ್ಚಿದಂತಿರುವ ಕಪ್ಪು ಬಣ್ಣ ಕಂಡರೆ ಯಾರೋ ಏನನ್ನೋ ಮುಚ್ಚಿದ್ದಾರೆ ಎಂದೇ ತಿಳಿಯಬೇಕು. ಅವರು ಕೈಗೆ ತೆಗೆದುಕೊಂಡದ್ದು ಒಂದು ಸಣ್ಣ ಸುತ್ತಿಗೆ, ಒಂದು ಹಳೆ ಸ್ಕ್ರೂಡ್ರೈವರ್, ಒಂದು ಟಾರ್ಚು, ಅಷ್ಟೆ. ಚಾಸಿ ಎಂದರೆ ನೆಲದ ಮೇಲೆ ಮಲಗಿಸಿದ ಏಣಿ. ಎರಡು ಉದ್ದನೆಯ ಪೆಟ್ಟಿಗೆ ದೂಲ, ನಡುವೆ ಅಡ್ಡ ಮೆಟ್ಟಿಲು. ಮುಂದಿನಿಂದ ಸುತ್ತಿಗೆಯಲ್ಲಿ ಬಡಿಯುತ್ತ ಬಂದರು. ಠಣ್, ಠಣ್, ಠಣ್. ಗಟ್ಟಿ ಉಕ್ಕು ಗಂಟೆಯಂತೆ ಉತ್ತರಿಸುತ್ತದೆ. ಹಿಂದಿನ ಅಚ್ಚಿನ ಮೇಲೆ ದೂಲ ಬಿಲ್ಲಿನಂತೆ ಬಾಗಿ ಏರುವ ಜಾಗಕ್ಕೆ ಬಂದಾಗ ಸದ್ದು ‘ದಬ್’ ಎಂದಿತು. ಮತ್ತೊಮ್ಮೆ ಬಡಿದರು. ಒಳಗಿನಿಂದ ಏನೋ ಉದುರಿದ ಸದ್ದು. ಸ್ಕ್ರೂಡ್ರೈವರ್ ತುದಿಯಿಂದ ಬಣ್ಣವನ್ನು ಕೆರೆದಾಗ ಪದರ ಪದರವಾಗಿ ಎದ್ದು ಬಂತು, ನಮ್ಮ ಚಿರೋಟಿಯ ಹಾಗೆ. ಇನ್ನೂ ಸ್ವಲ್ಪ ಒತ್ತಿದರೆ ತುದಿ ಒಳಕ್ಕೇ ಹೋಯಿತು. ನಮ್ಮ ಮಕ್ಕಳು ಕೂರಬೇಕಿದ್ದ ಸೀಟು ಆ ತೂತಿನ ಮೇಲೆಯೇ ಇತ್ತು.

ಅಲ್ಲೇ ಯಾಕೆ ಎಂದು ಕೇಳಿದೆವು. ಅವರು ವಿವರಿಸಿದ್ದು ಹೀಗೆ. ಚಕ್ರ ಎಸೆದ ಕೆಸರು, ಮರಳು ಎಲ್ಲ ಆ ಬಾಗಿನ ಒಳಗೆ ಸೇರಿ ಕೂರುತ್ತದೆ. ನೀರು ಇಳಿದುಹೋಗಲು ಚಾಸಿಗೆ ತೂತುಗಳಿವೆ, ಆದರೆ ಅವು ಮಣ್ಣು ತುಂಬಿ ಮುಚ್ಚುತ್ತವೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಒಳಗೇ ಉಬ್ಬಿ ಪದರಗಳನ್ನು ಬಿಡಿಸಿಕೊಳ್ಳುತ್ತದೆ. ಹೊರಗೆ ಕಾಣುವಷ್ಟರಲ್ಲಿ ಒಳಗಿನ ಕೆಲಸ ಮುಗಿದಿರುತ್ತದೆ. ಬರಿ ಮೇಲ್ಮೈಯ ಕೆಂಬಣ್ಣಕ್ಕೆ ಹೆದರಬೇಕಾಗಿಲ್ಲ, ತಂತಿ ಬ್ರಶ್ಶಿಗೆ ಅದು ಹೋಗುತ್ತದೆ. ಪದರ ಏಳುವುದಕ್ಕೆ ಹೆದರಬೇಕು, ತೂತಿಗೆ ಕೈ ಮುಗಿಯಬೇಕು. ಹಿಂದಿನ ಅಡ್ಡ ದೂಲ, ಸ್ಪ್ರಿಂಗು ಮತ್ತು ಆರ್ಮುಗಳು ಚಾಸಿಗೆ ಕೂರುವ ಜಾಗ, ಬಾಡಿಯ ರಬ್ಬರ್ ಕೂರುವ ಬ್ರಾಕೆಟ್ಟು, ಚಾಸಿಯ ಉದ್ದಕ್ಕೂ ಓಡುವ ಬ್ರೇಕಿನ ಪೈಪು, ಇಷ್ಟನ್ನೂ ಅವರು ಬೆರಳಿನಲ್ಲೇ ತಡವಿ ನೋಡಿದರು. ಸ್ಟೀರಿಂಗ್ ಬಾಕ್ಸ್ ಚಾಸಿಗೆ ಕೂರುವ ಜಾಗದಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಇದೆಯೋ ಎಂದು ಟಾರ್ಚು ಹಾಕಿ ಬಹಳ ಹೊತ್ತು ನೋಡಿದರು. ದಿಬ್ಬಗಳ ಮೇಲಿಂದ ಹಾರಿದ ಗಾಡಿಗಳಿಗೆ ಅಲ್ಲಿ ಸೀಳು ಬರುತ್ತದಂತೆ, ಮುಖ್ಯವಾಗಿ ದಪ್ಪ ಟೈರು ಹಾಕಿದವಕ್ಕೆ. ಮುಂದಿನ ಬಲಗಡೆಯ ದೂಲದ ಮೇಲೆ ಕೊರೆದ ಚಾಸಿ ನಂಬರನ್ನು ಮುಲ್ಕಿಯಾಗೆ ತಾಳೆ ನೋಡಿಸಿದರು. ಅದೊಂದು ಸರಿಯಿತ್ತು.

‘ತೂತಿಗೆ ವೆಲ್ಡ್ ಹೊಡೆಯಬಹುದಲ್ಲ?’ ಎಂದು ನಮ್ಮೊಬ್ಬರು ಕೇಳಿದರು. ಕೊಳೆತ ತಗಡಿಗೆ ವೆಲ್ಡ್ ಹಿಡಿಯುವುದಿಲ್ಲ. ಕೊಳೆತದ್ದನ್ನು ಗಟ್ಟಿ ಉಕ್ಕು ಸಿಗುವ ತನಕ ಕತ್ತರಿಸಿ, ಒಳಗಿನ ತುಕ್ಕು ತೆಗೆದು, ಅದೇ ದಪ್ಪದ ತಗಡು ಕೂರಿಸಬೇಕು. ಅದೂ ಅಡ್ಡಕ್ಕೆ ನೇರ ಗೆರೆ ಎಳೆದಂತಲ್ಲ, ತುದಿ ಚೂಪಾಗಿ ವಜ್ರದ ಆಕಾರದಲ್ಲಿ. ನೇರ ಗೆರೆಯ ಬೆಸುಗೆಯ ಪಕ್ಕದಲ್ಲೇ ಚಾಸಿ ಮುರಿಯುತ್ತದೆ. ಆ ಕೂಲಿ ಸೇರಿದರೆ ಗಾಡಿಯ ಬೆಲೆ ಅರ್ಧ ಹೆಚ್ಚಾಗುತ್ತದೆ ಎಂದರು. ಅವರು ನೋಡಿದ ಅತಿ ಕೆಟ್ಟ ಚಾಸಿಗಳು ಮೀನುಗಾರರ ಗಾಡಿಗಳದಂತೆ. ಇಲ್ಲಿಯ ಮೀನುಗಾರರು ದೊಡ್ಡ ಬಲೆಯನ್ನು ದಂಡೆಗೆಳೆಯಲು ಹಳೆಯ ಲ್ಯಾಂಡ್ ಕ್ರೂಸರುಗಳನ್ನು ಕಡಲ ಅಂಚಿನಲ್ಲೇ ಓಡಿಸುತ್ತಾರೆ. ‘ನಮ್ಮ ಮಲ್ಪೆಯ ಮೀನಿನ ಲಾರಿಯದ್ದೇ ಕತೆ. ಉಪ್ಪಿಗೆ ಊರು ದೇಶ ಎಂತ ಇಲ್ಲ’ ಎಂದರು.

ಇದು ಹಳೆಯ ಗಾಡಿ, ಬಡ ಮೀನುಗಾರರ ಸಮಸ್ಯೆ ಮಾತ್ರ ಎಂದು ತಿಳಿಯಬೇಡಿ. ಅಮೆರಿಕದ ಉತ್ತರ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿ ಟೊಯೊಟಾದ ಟಕೋಮಾ, ಟುಂಡ್ರಾ, ಸಿಕೋಯಾ ಗಾಡಿಗಳ ಚಾಸಿ ತಿಂದುಹೋಗಿ ದೊಡ್ಡ ಮೊಕದ್ದಮೆಯಾಯಿತು. 2016ರ ಒಪ್ಪಂದದಲ್ಲಿ ಸುಮಾರು 15 ಲಕ್ಷ ಗಾಡಿಗಳ ಪರೀಕ್ಷೆ, ಚಾಸಿ ಬದಲಾವಣೆಗೆ ಕಂಪನಿ ಒಪ್ಪಿತು. ಅದರ ಅಂದಾಜು ಮೊತ್ತ 340 ಕೋಟಿ ಡಾಲರಿನವರೆಗೆ. ತುಕ್ಕಿನ ತೂತು 10 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಚಾಸಿಯನ್ನೇ ಬದಲಿಸಬೇಕು ಎಂಬುದು ಅಳತೆ. ನಮ್ಮ ಬಿಳಿ ಗಾಡಿಯ ತೂತಿನಲ್ಲಿ ಹೆಬ್ಬೆರಳು ಹೋಗುತ್ತಿತ್ತು. ಅಮೆರಿಕದಿಂದ ಹರಾಜಿನಲ್ಲಿ ಕೊಂಡ ಗಾಡಿಗಳು ಹಡಗು ಹತ್ತಿ ನಮ್ಮ ಶಾರ್ಜಾ, ದುಬೈಗಳಿಗೂ ಬರುತ್ತವೆ. ‘ಅಮೆರಿಕನ್ ಸ್ಪೆಕ್, ಅಗ್ಗ’ ಎಂದು ಯಾರಾದರೂ ಹೇಳಿದರೆ ಅದು ಯಾವ ರಾಜ್ಯದ ಚಳಿಗಾಲ ಕಂಡಿದೆ ಎಂದು ಕೇಳುವುದು ಒಳ್ಳೆಯದು.

ಚಾಸಿಯಲ್ಲೇ ಸೋತ ಮೇಲೆ ಗೇರ್‌ಬಾಕ್ಸ್ ನೋಡುವ ಅಗತ್ಯವಿರಲಿಲ್ಲ. ಆದರೂ ಮೆಕ್ಯಾನಿಕ್ ಅಣ್ಣ ‘ಬಂದದ್ದು ಬಂದಿದ್ದೀರಿ, ಕಲಿತುಕೊಳ್ಳಿ’ ಎಂದು ಡಿಪ್‌ಸ್ಟಿಕ್ ಎಳೆದರು. ಆಟೋಮ್ಯಾಟಿಕ್ ಎಣ್ಣೆ ಹೊಸದಿದ್ದಾಗ ಮಕ್ಕಳ ಕೆಮ್ಮಿನ ಸಿರಪ್ಪಿನಂತೆ ಕೆಂಪು, ತಿಳಿ. ಕಂದಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟುಗಳು ಉರಿದಿವೆ. ಹಾಲು ಹಾಕಿದ ಚಹಾದ ಬಣ್ಣ ಬಂದರೆ ನೀರು ಸೇರಿದೆ, ಒಂದೋ ರೇಡಿಯೇಟರಿನೊಳಗಿನ ಕೂಲರ್ ಒಡೆದಿದೆ, ಇಲ್ಲವೇ ಗಾಡಿ ಮುಳುಗಿ ಎದ್ದಿದೆ. ಗಾಡಿಯನ್ನು ನೋಡಲು ಹೋಗುವ ಮೊದಲೇ ಮಾರುವವರು ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಬೇಕಂತೆ. ತಣ್ಣಗಿರುವಾಗ ‘ಡಿ’ಗೆ ಹಾಕಿ, ಹಿಡಿಯಲು ಎಷ್ಟು ಹೊತ್ತು ಬೇಕು ಎಂದು ಮನಸ್ಸಿನಲ್ಲೇ ಎಣಿಸಬೇಕು. ಕೈ ಗೇರಿನ ಗಾಡಿಯಾದರೆ ಮೂರರಿಂದ ಎರಡಕ್ಕೆ ಇಳಿಸುವಾಗ ಕರಕರ ಎಂದರೆ ಸಿಂಕ್ರೊ ರಿಂಗ್ ಸವೆದಿದೆ. ಇಳಿಜಾರಿನಲ್ಲಿ ಕಾಲು ತೆಗೆದಾಗ ಗೇರು ತಾನಾಗಿ ಜಾರಿ ಹೊರಬಂದರೆ ಆ ಗೇರ್‌ಬಾಕ್ಸ್ ಬಿಚ್ಚಲೇಬೇಕು. ಕೆಳಗಿನ ಬೋಲ್ಟಿನ ಅಯಸ್ಕಾಂತಕ್ಕೆ ಬೂದಿಯಂಥ ನುಣ್ಣನೆಯ ಪುಡಿ ಅಂಟಿದ್ದರೆ ಸರಿ, ವಯಸ್ಸಾಗಿದೆ ಅಷ್ಟೆ. ಚೂರುಗಳು ಅಂಟಿದ್ದರೆ ಹಲ್ಲು ಮುರಿದಿದೆ. ಎಣ್ಣೆಯಲ್ಲಿ ಬಂಗಾರದ ಬಣ್ಣದ ಮಿಣುಕು ಕಂಡರೆ ಅದು ಹಿತ್ತಾಳೆ, ಸಿಂಕ್ರೊದ್ದು. ಇನ್ನು ಫೋರ್ ವೀಲ್ ಹಾಕಿ ನೋಡುವುದು ಡಾಂಬರಿನ ಮೇಲಲ್ಲ. ನಡುವೆ ಡಿಫರೆನ್ಷಿಯಲ್ ಇಲ್ಲದ ಹಳೆಯ ಗಾಡಿಗಳಲ್ಲಿ ಗಟ್ಟಿ ರಸ್ತೆಯ ಮೇಲೆ ಫೋರ್ ವೀಲ್ ಹಾಕಿ ತಿರುಗಿಸಿದರೆ ಇಡೀ ಗೇರು ವ್ಯವಸ್ಥೆ ಬಿಗಿದುಕೊಂಡು ಮುರಿಯುತ್ತದೆ. ಮರಳಿನಲ್ಲಿ ನೇರವಾಗಿ ಓಡಿಸಿ, ಹೈ ಮತ್ತು ಲೋ ಎರಡನ್ನೂ ಹಾಕಿ, ಸದ್ದು ಕೇಳಬೇಕು.

ಕೈ ಗೇರೋ ಆಟೋಮ್ಯಾಟಿಕ್ಕೋ ಎಂಬ ಜಗಳ ನಮ್ಮ ಸಂಘದ ಪಿಕ್ನಿಕ್ಕುಗಳಲ್ಲಿ ಪ್ರತಿ ವರ್ಷ ನಡೆಯುತ್ತದೆ. ನಮ್ಮ ಅಭಿಪ್ರಾಯ ಹೀಗಿದೆ: ಲಿವಾದ ತಲ್ ಮೊರೀಬ್ ದಿಬ್ಬವನ್ನು, ಸುಮಾರು 300 ಮೀಟರ್ ಎತ್ತರದ್ದು, ಏರುವ ಸ್ಪರ್ಧೆಗಳಲ್ಲಿ ಪೆಟ್ರೋಲ್ ಗಾಡಿಯವರು ಏನು ಬೇಕಾದರೂ ಹಾಕಿಕೊಳ್ಳಲಿ, ವಾರಕ್ಕೊಮ್ಮೆ ಹೆಂಡತಿ ಮಕ್ಕಳೊಂದಿಗೆ ಹೋಗುವವರಿಗೆ ಆಟೋಮ್ಯಾಟಿಕ್ಕೇ ಒಳ್ಳೆಯದು, ಎಣ್ಣೆಗೆ ಇನ್ನೊಂದು ಹೆಚ್ಚುವರಿ ಕೂಲರ್ ಇದ್ದರೆ. ಹೊಸಬರ ಕಾಲಿಗೆ ಸಿಕ್ಕ ಕೈ ಗೇರಿನ ಕ್ಲಚ್ ಒಂದೇ ಮಧ್ಯಾಹ್ನದಲ್ಲಿ ಸುಟ್ಟದ್ದನ್ನು ನಾವು ಮೂಗಿನಿಂದಲೇ ಬಲ್ಲೆವು. ಕಡಿದಾದ ಇಳಿಜಾರಿನಲ್ಲಿ ಇಂಜಿನ್ನಿನ ಹಿಡಿತ ಬೇಕೆನ್ನುವ ಗೆಳೆಯರು ಒಪ್ಪುವುದಿಲ್ಲ. ಅವರಿಗೂ ಅವರದೇ ಕಾರಣಗಳಿವೆ.

2024ರ ಏಪ್ರಿಲ್ 16ರ ಮಳೆ ಈ ಎಲ್ಲ ಪರೀಕ್ಷೆಗೂ ಹೊಸ ಅಧ್ಯಾಯ ಸೇರಿಸಿತು. ಅಲ್ ಐನ್‌ನ ಖತಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254.8 ಮಿಲಿಮೀಟರ್ ಮಳೆ ಬಿತ್ತು, 1949ರಲ್ಲಿ ದಾಖಲೆ ಶುರುವಾದ ಮೇಲೆ ಅಷ್ಟು ಬಿದ್ದದ್ದಿಲ್ಲ. ಆಗುಂಬೆಯವರಿಗೆ ಅದು ಒಂದು ಜುಲೈ ದಿನದ ಲೆಕ್ಕ. ಇಲ್ಲಿ ಪಾರ್ಕಿಂಗುಗಳು ಕೆರೆಗಳಾದವು, ಗಾಡಿಗಳು ತೇಲಿದವು. ಆ ಗಾಡಿಗಳಲ್ಲಿ ಎಷ್ಟೋ ಒಣಗಿ, ಒರೆಸಿಕೊಂಡು, ಮತ್ತೆ ಮಾರಾಟಕ್ಕೆ ನಿಂತಿವೆ. ಮೆಕ್ಯಾನಿಕ್ ಅಣ್ಣ ಸೀಟಿನ ಕೆಳಗಿನ ಕಂಬಿ, ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಕಾಣುವ ಕೊನೆಯ ತುದಿ, ಆಕ್ಸಲ್ಲಿನ ಎಣ್ಣೆ ಇವುಗಳನ್ನು ನೋಡಲು ಹೇಳಿದರು. ಬೆಲ್ಟಿನ ತುದಿಯಲ್ಲಿ ಕೆಸರಿನ ಗೆರೆಯನ್ನು ಯಾರೂ ತೊಳೆಯುವುದಿಲ್ಲವಂತೆ.

ಮುಂಗಡದ ಹಣ ವಾಪಸು ಬರಲಿಲ್ಲ. ಮಾರುವವ ಫೋನ್ ಎತ್ತುವುದನ್ನೇ ಬಿಟ್ಟ. ಸ್ಲ್ಯಾಬಿನ ಗೆಳೆಯರ ಪಾಲಿಗೆ ಬಂದ 500 ದಿರ್ಹಮನ್ನು ನಾವು ಮೂವರು ಸೇರಿ ತುಂಬಿಕೊಟ್ಟೆವು, ಅವರು ಬೇಡ ಬೇಡ ಎಂದರೂ. ಸ್ಲ್ಯಾಬ್ ಈ ಮೇ ತಿಂಗಳಲ್ಲಿ ಬಿತ್ತು.

ನಾಲ್ಕು ತಿಂಗಳ ನಂತರ ಅಲ್ ಐನ್‌ನಲ್ಲಿ, ಕಡಲಿನಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಒಳಗೆ, ಒಂಟೆ ಸಾಕುವ ಒಬ್ಬ ಹಿರಿಯರ ಬಳಿ ಹಳೆಯ ನಿಸಾನ್ ಪೆಟ್ರೋಲ್ ಇದೆ ಎಂದು ತಿಳಿಯಿತು. ಬಣ್ಣವೆಲ್ಲ ಬಿಸಿಲಿಗೆ ಸುಟ್ಟು ಮಾಸಿ, ಸೀಟಿನ ಬಟ್ಟೆ ಹರಿದು, ಒಳಗೆ ಮೇವಿನ ವಾಸನೆ. ಮೆಕ್ಯಾನಿಕ್ ಅಣ್ಣನನ್ನೂ ಕರೆದೊಯ್ದಿದ್ದೆವು. ಅವರು ಮರಳಿನ ಮೇಲೆ ಒಂದು ರಟ್ಟು ಹಾಸಿ ಅಡಿಗೆ ತೂರಿದರು. ಗಾಡಿಯ ಯಜಮಾನರು ಗಾವಾ ಸುರಿಯುತ್ತ, ಈ ಮನುಷ್ಯ ಅಡಿಯಲ್ಲಿ ಏನು ಹುಡುಕುತ್ತಿದ್ದಾನೆ ಎಂದು ನಮ್ಮನ್ನು ಕೇಳಿದರು. ನಮ್ಮ ಮುರುಕು ಅರಬ್ಬಿಯಲ್ಲಿ ‘ಶಾಸ್’ ಎಂದೆವು. ಅವರು ನಕ್ಕು ತಲೆಯಾಡಿಸಿದರು. ಕೆಳಗಿನಿಂದ ಸುತ್ತಿಗೆಯ ಸದ್ದು ಮುಂದಿನಿಂದ ಹಿಂದಕ್ಕೆ ಸಾಗುತ್ತಿತ್ತು. ಹಿಂದಿನ ಅಚ್ಚಿನ ಬಾಗಿನ ಬಳಿ ಬಂದಾಗ ನಾವು ನಾಲ್ವರೂ ಗಾವಾದ ಲೋಟ ಹಿಡಿದು ಸುಮ್ಮನೆ ನಿಂತಿದ್ದೆವು.

ಠಣ್ ಎಂದಿತು.